ಲೀಟರಿಗೆ ಮೂವತ್ತೈದು ಗ್ರಾಂ

ಸಮುದ್ರದ ವಿಚಾರದಲ್ಲಿ ನನ್ನ ಸೋದರಮಾವನಷ್ಟು ತಿಳಿದವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಸಮುದ್ರವನ್ನು ನೋಡಿರಲಿಲ್ಲ ಅನ್ನುವ ಸಣ್ಣ ಕೊರತೆಯೊಂದನ್ನು ಬಿಟ್ಟರೆ! ಅವನು ಕಂಡ ಅತಿ ದೊಡ್ಡ ನೀರೆಂದರೆ, ಹೂವಿನಹಡಗಲಿಯ ಕಡೆ ಒಂದು ಮದುವೆಗೆ ಹೋದಾಗ ನೋಡಿದ ತುಂಗಭದ್ರೆಯ ಹಿನ್ನೀರು. ಅದನ್ನಾದರೂ ಸುಮ್ಮನೆ ನೋಡಿ ಬಂದನೇ? ಮದುವೆಯ ಪಂಚೆ ಎತ್ತಿ ಕಟ್ಟಿ ದಂಡೆಗಿಳಿದು, ಬೆರಳು ಅದ್ದಿ, ನಾಲಿಗೆಗೆ ಮುಟ್ಟಿಸಿ, "ಸಪ್ಪಗೈತಿ" ಎಂದು ತಿರಸ್ಕರಿಸಿ ಊಟಕ್ಕೆ ಹೋದವನು.

ಸಮುದ್ರ ನೋಡದೆ ಅದರ ಬಗ್ಗೆ ಹೇಗೆ ಮಾತಾಡುತ್ತೀ ಎಂದು ಯಾರಾದರೂ ಕೇಳಿದರೆ ಮಾವನ ಉತ್ತರ ಸಿದ್ಧವಿರುತ್ತಿತ್ತು. "ನೋಡಿದವರು ಏನು ನೋಡ್ಯಾರ? ಮ್ಯಾಲಿಂದು ನೋಡ್ಯಾರ. ಮಾಳಿಗಿ ನೋಡಿ ಮನ್ಯಾಗಿನ ಸಂಸಾರ ಹೇಳಾಕ ಬರ್ತೈತೇನು? ನಾನು ತಳದ ಮನಷ್ಯ."

ಮಾವನದು ಕೊಟ್ಟೂರಿನಲ್ಲಿ, ಬಸ್ ಸ್ಟ್ಯಾಂಡಿನಿಂದ ಒಳಗೆ ತಿರುಗುವ ಓಣಿಯಲ್ಲಿ ಒಂದು ಕಿರಾಣಿ ಅಂಗಡಿ. ಅಂಗಡಿಯ ಹಿಂದೆಯೇ ಅವನ ಮನೆ, ಮಗ್ಗುಲಲ್ಲಿ ನಮ್ಮದು. ಅಪ್ಪ ಬೇಗ ತೀರಿಕೊಂಡ ಮೇಲೆ ನನ್ನನ್ನೂ ನನ್ನ ತಮ್ಮ ವೀರೇಶನನ್ನೂ ಕಟ್ಟಿಕೊಂಡು ಅವ್ವ ಅಲ್ಲಿಗೇ ಬಂದಳು. ಮಾವ ಅವಳಿಗಿಂತ ಚಿಕ್ಕವನಾದರೂ ನಮ್ಮ ಮನೆಯ ಅಕ್ಕಿ ಬೇಳೆ ಎಂದೂ ಖಾಲಿಯಾಗದಂತೆ ನೋಡಿಕೊಂಡ. ಅದಕ್ಕೆ ಬದಲಾಗಿ ಅವನು ನಮ್ಮಿಂದ ಕೇಳಿದ್ದು ಒಂದೇ: ಕಿವಿ. ಮಕ್ಕಳಿಬ್ಬರೂ ಕುಳಿತು ಸಮುದ್ರದ ಪಾಠ ಕೇಳಬೇಕು. ನಾನು ಕೇಳಿ ಆಕಳಿಸಿದೆ, ಮುಂದೆ ಹಗರಿಬೊಮ್ಮನಹಳ್ಳಿಯಲ್ಲಿ ಟೀಚರಾದೆ. ವೀರೇಶ ಕೇಳಿ ಕಣ್ಣರಳಿಸಿದ. ಕೊನೆಗೆ ನಿಜವಾದ ಹಡಗನ್ನೇ ಹತ್ತಿಬಿಟ್ಟ. ಅಂದಿನಿಂದ ಅವ್ವನ ಜೀವ ನೀರಿನ ಮೇಲಿತ್ತು, ಮಾವನ ಮಾನ ಅವ್ವನ ಕೈಯಲ್ಲಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಈ ಹುಚ್ಚು ಎಲ್ಲಿಂದ ಹತ್ತಿತು ಅನ್ನುವುದನ್ನು ಹೇಳಬೇಕು.

ಹತ್ತಿದ್ದು ಉಪ್ಪಿನ ಚೀಲದಿಂದ. ತೊಂಬತ್ತರ ದಶಕದ ಮೊದಲಲ್ಲಿ ಹರಳುಪ್ಪು ಇನ್ನೂ ಗೋಣಿಚೀಲದಲ್ಲೇ ಬರುತ್ತಿತ್ತು. ಒಂದು ದಿನ ಮಾವ ಉಪ್ಪು ಮೊಗೆಯುವಾಗ ಕೈಗೆ ಉಗುರಿನಷ್ಟು ದೊಡ್ಡ ಚಿಪ್ಪೊಂದು ಸಿಕ್ಕಿತು. ಬೇರೆ ಅಂಗಡಿಯವನಾಗಿದ್ದರೆ ಬಿಸಾಡುತ್ತಿದ್ದ. ಮಾವ ಅದನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು, "ಇದರ ಮನಿ ಹೆಂಗಿದ್ದೀತು?" ಎಂದು ಯೋಚಿಸುತ್ತ ಕುಳಿತ. ಅದೇ ವಾರ ಪೊಟ್ಟಣ ಕಟ್ಟಲು ತೂಕದ ಲೆಕ್ಕದಲ್ಲಿ ಕೊಂಡ ರದ್ದಿಯಲ್ಲಿ ಸಾಗರಗಳ ಮೇಲಿನ ಯಾವುದೋ ಹಳೆಯ ಕನ್ನಡ ಕಾಲೇಜು ಪುಸ್ತಕ ಬಂದಿತ್ತು. ರಟ್ಟು ಹೋಗಿತ್ತು, ಹೆಸರು ಹೋಗಿತ್ತು. ಮಾವ ಅದನ್ನು ಹಿಂದಿನಿಂದ ಹರಿಯುತ್ತ ಪೊಟ್ಟಣ ಕಟ್ಟುತ್ತಿದ್ದವನು, ಒಂದು ಹಾಳೆಯಲ್ಲಿ "ಸಮುದ್ರದ ನೀರಿನ ಉಪ್ಪು" ಎಂಬ ಅಕ್ಷರ ಕಂಡು ಕೈ ನಿಲ್ಲಿಸಿದ. ಅಷ್ಟರಲ್ಲಿ ಅರ್ಧ ಪುಸ್ತಕ ಊರಿನ ಅಡುಗೆಮನೆಗಳನ್ನು ಸೇರಿಬಿಟ್ಟಿತ್ತು!

ಹೀಗಾಗಿ ಮಾವನ ಜ್ಞಾನಕ್ಕೆ ಒಂದು ಸ್ಪಷ್ಟವಾದ ಗಡಿ ಇತ್ತು. ಸಮುದ್ರದ ತಳ ಗೊತ್ತು, ತಳದ ಕೆಸರು ಗೊತ್ತು, ನೀರಿನ ಉಪ್ಪು, ತೂಕ, ತಂಪು ಎಲ್ಲ ಗೊತ್ತು. ಮೀನು ಗೊತ್ತಿಲ್ಲ. ಮೀನಿನ ಬಗ್ಗೆ ಕೇಳಿದರೆ ಮುಖ ಗಂಟಿಕ್ಕಿ, "ಅದು ಜೀರಗಿ ಕಟ್ಟಾಕ ಹೋತು" ಅನ್ನುತ್ತಿದ್ದ. ಉಬ್ಬರ ಇಳಿತ ಮೆಂತ್ಯಕ್ಕೆ ಹೋಗಿತ್ತು. ಅಲೆಗಳ ಅಧ್ಯಾಯ ಮಾತ್ರ ನಡುವೆಯೇ ಹರಿದು, ಮೊದಲ ನಾಲ್ಕು ಹಾಳೆ ಉಳಿದು, ಬಾಕಿ ಸಾಸಿವೆಗೆ ಸಂದಿತ್ತು. ಒಬ್ಬ ಮನುಷ್ಯನ ಅಜ್ಞಾನವನ್ನು ಇಷ್ಟು ಚೊಕ್ಕವಾಗಿ ಮಸಾಲೆಡಬ್ಬಿಯ ಮೇಲೆ ಬರೆದು ತೋರಿಸಬಹುದೆಂದು ನನಗೆ ಗೊತ್ತಾದದ್ದು ಅವನಿಂದಲೇ.

ಉಳಿದ ಅರ್ಧವನ್ನು ಅವನು ಗಿರಾಕಿಗಳಿಗೆ ಹಂಚತೊಡಗಿದ. ಅದಕ್ಕೆ ಅವನ ಅಂಗಡಿಯೇ ನಕಾಶೆ. ಗಿರಾಕಿ ಕುಳಿತ ಕಟ್ಟೆ ಎಂದರೆ ಭೂಖಂಡದ ಅಂಚು. ದಂಡೆಯಿಂದ ಸ್ವಲ್ಪ ದೂರದವರೆಗೆ ಸಮುದ್ರ ಹೀಗೆಯೇ ಕಟ್ಟೆಯಂತೆ ಆಳವಿಲ್ಲದೆ ಇರುತ್ತದೆ. ಆಮೇಲೆ ಮೆಟ್ಟಿಲು, ಅಲ್ಲಿಂದ ಒಮ್ಮೆಲೇ ಇಳಿಜಾರು. ಎದುರಿನ ಓಣಿ ಎಂದರೆ ಆಳದ ಬಯಲು, ಮೈಲಿಗಟ್ಟಲೆ ಸಪಾಟು. ಓಣಿಯಾಚೆಯ ಚರಂಡಿ ಎಂದರೆ ಸಮುದ್ರದ ಅತಿ ಆಳದ ಕಂದಕ, ಬೆಟ್ಟವನ್ನೇ ಇಳಿಸಿದರೂ ತುದಿ ಕಾಣದು. ಒಮ್ಮೆ ಉಜ್ಜಿನಿಗೆ ದರ್ಶನಕ್ಕೆ ಹೊರಟ ಹಿರಿಯರೊಬ್ಬರು ಪಾವು ಕೆಜಿ ಸಕ್ಕರೆ ಕೇಳಿ ಕಟ್ಟೆಯ ಮೇಲೆ ಕುಳಿತರು. ಮಾವ ಅವರನ್ನು ಕಟ್ಟೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಬಯಲಿಗೆ ಇಳಿಸಿ, ಇನ್ನೇನು ಕಂದಕಕ್ಕೆ ಒಯ್ಯಬೇಕು, ಬಸ್ಸಿನ ಹಾರನ್ನು ಕೇಳಿತು. ಹಿರಿಯರು ಎದ್ದು ನಿಂತು ಬಹಳ ವಿನಯದಿಂದ ಕೇಳಿದರು: "ಸಾವ್ಕಾರ್ರ, ಸಕ್ರಿ ಎಷ್ಟು ಆಳದಾಗ ಐತ್ರಿ?"

ಅಂಗಡಿಯ ಧೂಳು ಇನ್ನೊಂದು ಪುರಾಣ. ನಮ್ಮ ಕೆಂಪು ನೆಲದ ಧೂಳಿಗೆ ಬಾಗಿಲು ಕಿಟಕಿ ಎಂಬ ಭೇದವಿಲ್ಲ. ಅತ್ತೆ, ಅಂದರೆ ಮಾವನ ಹೆಂಡತಿ, ಕಸಬರಿಗೆ ಹಿಡಿದು ಬಂದರೆ ಮಾವ ಅಡ್ಡ ನಿಲ್ಲುತ್ತಿದ್ದ. ಅದು ಧೂಳಲ್ಲವಂತೆ, ನಿಕ್ಷೇಪವಂತೆ! ಗಾಳಿಗೆ ಹಾರಿಹೋದ ನೆಲದ ಧೂಳು ನಡುಗಡಲಿಗೆ ಬಿದ್ದು ಕಣಕಣವಾಗಿ ಇಳಿಯುತ್ತದೆ. ತೆಲಿಗಿಗೆ ಹೋಗುವ ಕೊನೆಯ ಬಸ್ಸಿಗಿಂತ ನಿಧಾನವಾಗಿ ಇಳಿಯುತ್ತದೆ. ಸಾವಿರ ವರ್ಷ ಕೂತರೆ ತಳದಲ್ಲಿ ಉಗುರಿನ ದಪ್ಪದಷ್ಟು ಕೆಂಪು ಜೇಡಿ ಆಗುತ್ತದೆ. ಅಂಥ ತಪಸ್ಸನ್ನು ಹೆಂಗಸೊಬ್ಬಳು ಒಂದು ಕಸಬರಿಗೆಯಲ್ಲಿ ಕೆಡಿಸುವುದೇ? ಅತ್ತೆ ಎಲ್ಲ ಕೇಳಿಸಿಕೊಂಡು, ಸಾವಿರ ವರ್ಷದ್ದನ್ನು ಬಿಡ್ತೀನಿ, ನಿನ್ನೆಯದನ್ನು ಗುಡಿಸ್ತೀನಿ ಎಂದು ಗುಡಿಸಿಯೇ ಬಿಡುತ್ತಿದ್ದಳು.

ಮಾತಿಗೆ ಜನ ಬಗ್ಗುವುದಿಲ್ಲವೆಂದು ಕಂಡಮೇಲೆ ಮಾವ ಸ್ವಂತಕ್ಕೊಂದು ಸಮುದ್ರ ಮಾಡಿದ. ಹಿತ್ತಿಲಲ್ಲಿ ದನ ನೀರು ಕುಡಿಯುವ ಹಳೆಯ ಕಲ್ಲುಬಾನಿ ಬಿದ್ದಿತ್ತು. ಅದನ್ನು ತಿಕ್ಕಿ ತೊಳೆದು ಕೊಡದ ಲೆಕ್ಕದಲ್ಲಿ ನೀರು ತುಂಬಿದ. ಆಮೇಲೆ ಉಪ್ಪು. ಲೀಟರಿಗೆ ಮೂವತ್ತೈದು ಗ್ರಾಂ. ಒಂದು ಹರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾಲಕ್ಕಿ ತೂಗುವ ಪುಟ್ಟ ತಕ್ಕಡಿಯಲ್ಲಿ ಇಡೀ ಸಮುದ್ರದ ಉಪ್ಪನ್ನು ತೂಗಿದ ಮನುಷ್ಯ ಅವನೊಬ್ಬನೇ ಇರಬೇಕು! ಹೊರಗೆ ಗಿರಾಕಿಗಳು ಕಾಯುತ್ತಿದ್ದರು, ವೀರೇಶ ಒಳಗೆ ಕೋಲಿನಿಂದ ಸಮುದ್ರ ಕದಡುತ್ತಿದ್ದ.

ಮರುದಿನ ಬೆಳಿಗ್ಗೆ ನೋಡಿದರೆ ಬಾನಿಯ ನೀರು ಒಂದು ಗೇಣು ಇಳಿದಿತ್ತು. ಮಾವನ ಸಂತೋಷವನ್ನು ಏನೆಂದು ಹೇಳಲಿ! ಉಬ್ಬರ ಇಳಿತದ ಹಾಳೆಗಳು ಮೆಂತ್ಯದ ಪಾಲಾಗಿದ್ದರೂ ಅಂಥದೊಂದು ಇದೆಯೆಂಬುದು ಅವನಿಗೆ ಗೊತ್ತಿತ್ತಲ್ಲ. ಕಲ್ಲಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ನಮ್ಮ ಸಮುದ್ರಕ್ಕೆ ಇಳಿತ ಬಂದಿದೆ, ಸಂಜೆಗೆ ಉಬ್ಬರ ಬರುತ್ತದೆ ಎಂದು ಓಣಿಗೆಲ್ಲ ಸಾರಿದ. ಸಂಜೆಗೆ ಬಂದದ್ದು ಹಿಂದಿನ ಮನೆಯ ಖಾಸಿಂಸಾಬ. ಅವನು ಪಂಪ್‌ಸೆಟ್ಟು ರಿಪೇರಿ ಮಾಡುವವನು. ಮಾವನನ್ನು ಮಾಮಾ ಎಂದೇ ಕರೆಯುತ್ತಿದ್ದ.

"ಮಾಮಾ, ನಿಮ್ಮ ಬಾನ್ಯಾಗ ಏನು ಹಾಕೀರಿ?"

"ಸಮುದ್ರ."

"ಅರ್ಧ ಸಮುದ್ರ ನಮ್ಮ ಎಮ್ಮಿ ಕುಡದೈತ್ರಿ. ಇಳಿತ ಬಾಯಾಗ ಆತು. ಈಗ ಉಬ್ಬರ ಹಿಂದಿನಿಂದ ಬರಾಕತ್ತೈತಿ, ಬಂದು ನೋಡ್ರಿ."

ಎಮ್ಮೆ ಎರಡು ದಿನದಲ್ಲಿ ಸುಧಾರಿಸಿಕೊಂಡಿತು. ಮಾವ ಸುಧಾರಿಸಿಕೊಳ್ಳಲು ವಾರ ಹಿಡಿಯಿತು.

ಎಮ್ಮೆಯ ಬಾಯಿಗೆ ಸಿಗದ ಸಮುದ್ರ ಬೇಕೆಂದು ಅವನು ಮನೆಯೊಳಗಿನ ದೊಡ್ಡ ಪಿಂಗಾಣಿ ಜಾಡಿಗೆ ಕಣ್ಣು ಹಾಕಿದ. ಅದು ಅತ್ತೆಯ ತವರಿನಿಂದ ಬಂದ ಉಪ್ಪಿನಕಾಯಿ ಜಾಡಿ, ಒಬ್ಬ ಸಣ್ಣ ಹುಡುಗ ಒಳಗಿಳಿದು ಕೂರಬಹುದು. ಅತ್ತೆ ಇಲ್ಲದ ಹೊತ್ತು ನೋಡಿ ಅದರಲ್ಲಿ ಸಮುದ್ರ ತುಂಬಿದ. ಅದೇ ಲೆಕ್ಕ, ಲೀಟರಿಗೆ ಮೂವತ್ತೈದು. ಅತ್ತೆ ಬಂದು ನೋಡಿ ಏನೂ ಅನ್ನಲಿಲ್ಲ. ಅನ್ನಲಿಲ್ಲವೆಂಬುದೇ ಅನುಮಾನದ ವಿಷಯವೆಂದು ಮಾವನಿಗೆ ಹೊಳೆಯಬೇಕಿತ್ತು.

ವಾರಕ್ಕೊಮ್ಮೆ ಮಾವ ನೀರಿನ ಸಾಂದ್ರತೆ ಪರೀಕ್ಷೆ ಮಾಡುತ್ತಿದ್ದ. ಇದನ್ನು ಕೋಳಿಮೊಟ್ಟೆಯಿಂದ ಮಾಡಬೇಕಂತೆ. ನಮ್ಮ ಮನೆಗಳಲ್ಲಿ ಮೊಟ್ಟೆ ಹೊಸ್ತಿಲು ದಾಟುವಂತಿಲ್ಲ, ಆದ್ದರಿಂದ ಆಲೂಗಡ್ಡೆ. ಸಿಹಿನೀರಿನಲ್ಲಿ ಆಲೂಗಡ್ಡೆ ಮುಳುಗುತ್ತದೆ, ಸಮುದ್ರದ ನೀರಿನಲ್ಲೂ ಮುಳುಗುತ್ತದೆ, ಅದಕ್ಕಿಂತ ಮೂರು ಪಟ್ಟು ಉಪ್ಪಿದ್ದರೆ ತೇಲುತ್ತದೆ. ಮೊದಲ ಎರಡು ವಾರ ಮುಳುಗಿತು. ಮೂರನೆಯ ವಾರ ಆಲೂಗಡ್ಡೆ ನೆಟ್ಟಗೆ ಮೇಲೆದ್ದು ಬಂದು ಮಾವನ ಮುಖ ನೋಡಿತು! ಅವನು ಬೆವೆತುಬಿಟ್ಟ. ಆವಿಯಾಯಿತೇ? ಜಾಡಿ ಸೋರುತ್ತಿದೆಯೇ? ಕೊಟ್ಟೂರಿನ ಬಿಸಿಲಿಗೆ ಸಮುದ್ರವೊಂದು ಸತ್ತು, ಜೀವಿಗಳಿಲ್ಲದ ಉಪ್ಪುಕೆರೆಯಾಗುತ್ತಿದೆಯೇ? ಓಣಿಯ ನಾಲ್ಕು ಜನರನ್ನು ಕರೆದು ತೇಲುವ ಆಲೂಗಡ್ಡೆಯ ಮುಂದೆ ನಿಲ್ಲಿಸಿ ದೊಡ್ಡ ಭಾಷಣವನ್ನೇ ಮಾಡಿದ. ಭಾಷಣ ಮುಗಿಯುವವರೆಗೆ ಅತ್ತೆ ತಾಳ್ಮೆಯಿಂದ ನಿಂತಿದ್ದಳು. ಆಮೇಲೆ ಕುಪ್ಪಸದ ತೋಳು ಮೇಲೇರಿಸಿ ಜಾಡಿಯೊಳಗೆ ಭುಜದವರೆಗೆ ಕೈ ಹಾಕಿ, ತಳದಿಂದ ಒಂದು ಬಟ್ಟೆಯ ಗಂಟನ್ನು ಎತ್ತಿದಳು. ಗಂಟಿನ ತುಂಬ ಮಾವಿನಕಾಯಿ, ತೇಲದಂತೆ ಜೊತೆಗೊಂದು ಕಲ್ಲು! ಜಾಡಿ ತನ್ನದು, ನೀರು ಹೇಗೂ ಉಪ್ಪಾಗಿದೆ, ಮಾವಿನಕಾಯಿ ನೆನೆಯಲು ಸಾಲದ ಉಪ್ಪನ್ನು ದಿನಾ ಒಂದೊಂದು ಹಿಡಿ ಅವಳೇ ಹಾಕುತ್ತಿದ್ದಳಂತೆ.

ಜಗತ್ತಿನ ಸಮುದ್ರಗಳ ತಳವನ್ನೆಲ್ಲ ಬಾಯಿಪಾಠ ಮಾಡಿದ ಮನುಷ್ಯ ತನ್ನ ಮನೆಯ ಸಮುದ್ರದ ತಳದಲ್ಲಿ ಏನಿದೆಯೆಂದು ನೋಡಿರಲಿಲ್ಲ. ಆದರೆ ಆ ಮಾವಿನಕಾಯಿಯ ರುಚಿ! ಮಾವ ಒಂದು ಕಚ್ಚಿದ, ಸೋಲೊಪ್ಪಿದ. ಅಂದಿನಿಂದ ಪ್ರತಿ ವರ್ಷ ಆ ಜಾಡಿಯಲ್ಲಿ "ಸಮುದ್ರದ ಮಾವಿನಕಾಯಿ" ಆಗುವುದು ನಮ್ಮ ಎರಡು ಮನೆಗಳ ಪದ್ಧತಿಯಾಯಿತು. ಅದಿಲ್ಲದೆ ಮಾವನಿಗೆ ಊಟವೇ ಇಳಿಯುತ್ತಿರಲಿಲ್ಲ.

ಈಗ ವೀರೇಶನ ವಿಷಯ. ಐಟಿಐ ಮುಗಿಸಿದವನು ಖಾಸಿಂಸಾಬನ ಪಂಪುಗಳ ಜೊತೆ ಒಂದು ವರ್ಷ ಕೈ ಕಪ್ಪು ಮಾಡಿಕೊಂಡು, ಎಲ್ಲೋ ತರಬೇತಿ ಪಡೆದು, ಒಂದು ದಿನ ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ ಸಿಕ್ಕಿತೆಂದು ಬಂದು ಹೇಳಿದ. ಅವ್ವ ಒಂದು ಮಾತನ್ನೂ ಅವನಿಗೆ ಅನ್ನಲಿಲ್ಲ. ನೇರವಾಗಿ ಅಂಗಡಿಗೆ ಹೋಗಿ ಮಾವನ ಎದುರು ನಿಂತಳು.

"ನೀನು ಬಾನ್ಯಾಗ ಸಮುದ್ರ ಮಾಡಿದಿ. ನನ್ನ ಮಗ ಖರೇ ಸಮುದ್ರಕ್ಕ ಹೊಂಟ. ಅವನಿಗೇನಾದ್ರೂ ಆದ್ರ ನಿನ್ನ ಮಾರಿ ನೋಡಂಗಿಲ್ಲ ನಾನು. ಇವತ್ತಿನಿಂದ ನನ್ನ ಮುಂದ ಸಮುದ್ರದ ಸುದ್ದಿ ಎತ್ತಬ್ಯಾಡ."

ಅಷ್ಟಕ್ಕೇ ನಿಲ್ಲದೆ ಹರಕೆಯನ್ನೂ ಹೊತ್ತಳು. ವೀರೇಶ ಹಡಗಿನ ಮೇಲಿರುವಷ್ಟು ಕಾಲ ಸೋಮವಾರ ಸೋಮವಾರ ಸಪ್ಪೆ ಊಟ, ಉಪ್ಪು ಮುಟ್ಟುವುದಿಲ್ಲ. ಮಾವ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಉಪ್ಪಿನ ಮಾತು ಬಂದಾಗ ಸುಮ್ಮನಿರುವ ಶಕ್ತಿಯನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ. ಸಮುದ್ರದ ಉಪ್ಪನ್ನೆಲ್ಲ ತೆಗೆದು ನೆಲದ ಮೇಲೆ ಹರವಿದರೆ ಊರು, ಗುಡಿ, ಗುಡ್ಡ ಎಲ್ಲ ಹೂತುಹೋಗುವಷ್ಟು ಇದೆ, ನೀನು ಒಂದು ಚಿಟಿಕೆ ಬಿಟ್ಟರೆ ಅದಕ್ಕೇನು ಗೊತ್ತಾಗುತ್ತದೆ ಎಂದು ಕೇಳಿಯೇ ಬಿಟ್ಟ.

"ಅದಕ್ಕ ಗೊತ್ತಾಗಾಕ ಅಲ್ಲ," ಅಂದಳು ಅವ್ವ. "ನನಗ ಗೊತ್ತಾಗಾಕ."

ಆಮೇಲಿನ ಎರಡು ವರ್ಷ ಮಾವನ ಪಾಡು ನೋಡಬೇಕಿತ್ತು. ಅವ್ವ ಅಂಗಡಿಯ ಹತ್ತಿರ ಸುಳಿದರೆ ಸಾಕು, ಅರ್ಧ ಹೇಳಿದ ಸಮುದ್ರವನ್ನು ಥಟ್ಟನೆ ಕೆರೆ ಮಾಡಿಬಿಡುತ್ತಿದ್ದ. ಕೊಟ್ಟೂರಿನ ಕೆರೆಯಲ್ಲಿ ಮೈಲಿಗಟ್ಟಲೆ ಆಳದ ಕಂದಕಗಳಿವೆಯೆಂದು ನಂಬಿದ ಗಿರಾಕಿಗಳು ಇಂದಿಗೂ ಇದ್ದಾರೆ. ಕಷ್ಟ ಇನ್ನೊಂದಿತ್ತು: ಎರಡು ಮನೆಗೂ ಇದ್ದ ಒಂದೇ ಫೋನು ಅಂಗಡಿಯಲ್ಲಿತ್ತು. ವೀರೇಶ ಬಂದರು ಸೇರಿದಾಗಲೆಲ್ಲ ಅಲ್ಲಿಗೇ ಮಾಡುತ್ತಿದ್ದ. ಹಡಗು ಎಲ್ಲಿಂದ ಎಲ್ಲಿಗೆ, ಏನು ಸರಕು, ಕೆಳಗೆ ಎಷ್ಟು ಆಳ ಎಂದು ಮಾವ ಎಲ್ಲ ಕೇಳಿಕೊಳ್ಳುತ್ತಿದ್ದ. ಅವ್ವನಿಗೆ ಮುಟ್ಟಿಸುತ್ತಿದ್ದದ್ದು ಎರಡೇ ಶಬ್ದ: "ಆರಾಮ ಅದಾನ." ಅವಳ ಅಪ್ಪಣೆಯೇ ಹಾಗಿತ್ತಲ್ಲ.

ಆ ಹಡಗು ಹೊತ್ತೊಯ್ಯುತ್ತಿದ್ದದ್ದು ಹೆಚ್ಚಾಗಿ ಕಬ್ಬಿಣದ ಅದಿರು. ಕೂಡ್ಲಿಗಿಯ ದಾರಿಯಲ್ಲಿ ಕೆಂಪು ಧೂಳೆಬ್ಬಿಸಿಕೊಂಡು ಓಡುತ್ತಿದ್ದ ಲಾರಿಗಳ ಅದಿರು! ಊರೆಲ್ಲ ಆ ಧೂಳಿಗೆ ಕೆಮ್ಮಿ ಬೈಯುತ್ತಿದ್ದರೆ ಮಾವನೊಬ್ಬ ಕೈ ಮುಗಿಯುವುದೊಂದು ಬಾಕಿ. ನಮ್ಮ ಕಡೆಯ ಈ ಅದಿರು ಎಣಿಸಲಾರದಷ್ಟು ಹಿಂದೆ ಯಾವುದೋ ಆದಿಕಾಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರೇ ಅಂತೆ. "ಅದು ತವರಿಗೆ ಹೊಂಟೈತಿ. ನಮ್ಮ ವೀರೇಶ ಕರಕೊಂಡು ಹೋಗಾಕತ್ಯಾನ," ಎಂದು ನನ್ನ ಕಿವಿಯಲ್ಲಿ ಹೇಳಿದ್ದ, ಅವ್ವನಿಗೆ ಕೇಳಿಸದಂತೆ.

ಎರಡು ಸಾವಿರದ ನಾಲ್ಕರ ಡಿಸೆಂಬರಿನ ಕೊನೆಯ ಭಾನುವಾರ. ನಾನು ರಜೆಗೆ ಊರಿಗೆ ಬಂದಿದ್ದೆ. ಬೆಳಗಿನ ತಿಂಡಿ ಮುಗಿದು, ಮಾವನ ಮನೆಯ ಟೀವಿಯಲ್ಲಿ ಏನೋ ಸಿನಿಮಾ ಹಾಡು ಬರುತ್ತಿತ್ತು. ಅದು ನಿಂತು ಸುದ್ದಿ ಬಂತು. ಸಮುದ್ರದ ತಳ ನಡುಗಿದೆ, ಮದ್ರಾಸಿನ ಕಡೆಯ ದಂಡೆಗೆಲ್ಲ ನೀರು ನುಗ್ಗಿದೆ ಎಂದರು. ಸುನಾಮಿ ಎಂಬ ಶಬ್ದವನ್ನು ನಮ್ಮ ಓಣಿ ಮೊದಲ ಸಲ ಕೇಳಿತು. ಮಧ್ಯಾಹ್ನದ ಹೊತ್ತಿಗೆ ಟೀವಿಯಲ್ಲಿ ತೋರಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ. ಎಷ್ಟೋ ಮನೆಗಳ ದೀಪ ಆರಿದ ದಿನ ಅದು. ಅದರಲ್ಲಿ ನಗುವಂಥದ್ದೇನೂ ಇಲ್ಲ.

ಓಣಿಯ ಹೆಂಗಸರೆಲ್ಲ ಮಾವನ ಪಡಸಾಲೆಯಲ್ಲಿ ತುಂಬಿದರು. ಖಾಸಿಂಸಾಬ ಟೊಪ್ಪಿಗೆ ಹಾಕಿಕೊಂಡೇ ಬಂದು ಬಾಗಿಲಲ್ಲಿ ನಿಂತ. ಎಲ್ಲರಿಗಿಂತ ಕೊನೆಗೆ ಅವ್ವ ಬಂದಳು. ಹಿಟ್ಟು ಹತ್ತಿದ ಕೈ ಹಾಗೆಯೇ ಇತ್ತು. ಟೀವಿಯನ್ನು ನೋಡಲಿಲ್ಲ, ಮಾವನನ್ನು ನೋಡಿದಳು. ಎರಡು ವರ್ಷದ ಹಿಂದೆ ಅವಳು ಆಡಿದ ಮಾತು ಅಲ್ಲಿದ್ದ ಎಲ್ಲರಿಗೂ ನೆನಪಿತ್ತು.

"ಹೇಳು," ಅಂದಳು. "ನಿನಗ ಗೊತ್ತೈತಲ್ಲ. ಹೇಳು."

ಮಾವ ಒಳಗೆ ಹೋಗಿ ದೊಡ್ಡ ಕೌದಿಯೊಂದನ್ನು ತಂದು ನೆಲದ ಮೇಲೆ ಉದ್ದಕ್ಕೆ ಹಾಸಿದ. ಅದರ ನಡುವೆ ಒಂದು ಸ್ಟೀಲಿನ ಲೋಟ ನಿಲ್ಲಿಸಿದ. ಕೌದಿ ಅಂದರೆ ಸಮುದ್ರ, ಗೋಡೆ ಅಂದರೆ ದಂಡೆ, ಲೋಟ ಅಂದರೆ ವೀರೇಶನ ಹಡಗು. ಸಮುದ್ರದ ತಳದ ನೆಲ ಎದ್ದು ಕೂತರೆ ಮೇಲಿನ ನೀರೆಲ್ಲ ಅದರ ಜೊತೆಗೆ ಏಳುತ್ತದೆ. ಆದರೆ ನಡುಗಡಲಲ್ಲಿ ನೀರು ಮೈಲಿಗಟ್ಟಲೆ ಆಳ. ಅಷ್ಟು ಆಳದಲ್ಲಿ ಆ ಅಲೆ ಮೊಣಕಾಲೆತ್ತರವೂ ಇರುವುದಿಲ್ಲ. ವಿಮಾನದ ವೇಗದಲ್ಲಿ ಹೋಗುತ್ತದೆ, ಆದರೆ ಒಂದು ಅಲೆಯ ಉದ್ದ ಊರಿಂದೂರಿಗೆ ಇರುವುದರಿಂದ ಹಡಗನ್ನು ಮೆಲ್ಲಗೆ ಎತ್ತಿ ಮೆಲ್ಲಗೆ ಇಳಿಸಿ ಮುಂದೆ ಹೋಗಿಬಿಡುತ್ತದೆ. ಹಡಗಿನವರಿಗೆ ಗೊತ್ತೇ ಆಗುವುದಿಲ್ಲ. ಹೀಗೆ ಹೇಳುತ್ತ ಕೌದಿಯ ಕೆಳಗೆ ಕೈ ಹಾಕಿ ಮೆಲ್ಲಗೆ ಸರಿಸಿದ. ಲೋಟ ಒಂದಿಷ್ಟು ಎದ್ದಿತು, ಒಂದಿಷ್ಟು ಇಳಿಯಿತು, ಬೀಳಲಿಲ್ಲ. ಹೆಂಗಸರು ಉಸಿರು ಬಿಟ್ಟರು.

ಅವನ ಕೈ ಕೌದಿಯ ಕೆಳಗೆ ಗೋಡೆಯ ಕಡೆಗೆ ಹೋಗುತ್ತಿತ್ತು. ಗೋಡೆ ಒಂದು ಗೇಣು ಇರುವಾಗ ನಿಂತುಬಿಟ್ಟಿತು.

"ದಂಡಿಗಿ ಬಂದ್ರ?" ಎಂದು ಕೇಳಿದಳು ಅವ್ವ. "ಹಡಗು ದಂಡಿಗೇ ನಿಂತಿದ್ರ?"

ಮಾವ ಕೈ ಹೊರಗೆ ತೆಗೆದ. "ಆ ಹಾಳಿ ಸಾಸಿವಿ ಕಟ್ಟಾಕ ಹೋಗೈತಕ್ಕಾ."

ಅಂಥ ಹೊತ್ತಿನಲ್ಲೂ ಯಾರೋ ಕಿಸಕ್ಕೆಂದರು. ಅವ್ವ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಮತ್ತೊಮ್ಮಿ ಹೇಳು," ಅಂದಳು.

ಆ ದಿನ ಮಾವ ಆ ಪಾಠವನ್ನು ಎಷ್ಟು ಸಲ ಹೇಳಿದನೋ ಲೆಕ್ಕವಿಟ್ಟವರಿಲ್ಲ. ಹೊಸಬರು ಬಂದಾಗಲೆಲ್ಲ ಅವ್ವ ಕೌದಿ ಸರಿಪಡಿಸಿ ಲೋಟ ನಿಲ್ಲಿಸುವಳು, ಮಾವ ಮೊದಲಿನಿಂದ ಸುರು ಮಾಡುವನು. ಹತ್ತು ವರ್ಷ ಯಾರಿಗೂ ಬೇಡವಾಗಿದ್ದ ಅವನ ಸಮುದ್ರವನ್ನು ಅಂದು ಇಡೀ ಓಣಿ ಪುರಾಣ ಕೇಳುವ ಹಾಗೆ ಕೇಳಿತು. ಅಡ್ಡಮಾತಿಲ್ಲ, ಆಕಳಿಕೆಯಿಲ್ಲ. ಇಷ್ಟು ಒಳ್ಳೆಯ ಶ್ರೋತೃಗಳು ಸಿಕ್ಕರೂ ಮಾವನ ಮುಖದಲ್ಲಿ ಗೆಲುವಿರಲಿಲ್ಲ. ನಡುನಡುವೆ ಅಂಗಡಿಗೆ ಹೋಗಿ ಫೋನೆತ್ತಿ ಕಿವಿಗೆ ಹಿಡಿದು, ಜೀವ ಇದೆಯೇ ಎಂದು ನೋಡಿ ಇಟ್ಟು ಬರುತ್ತಿದ್ದ.

ದೀಪ ಹಚ್ಚುವ ಹೊತ್ತಿಗೆ ಫೋನು ರಿಂಗಾಯಿತು. ಅಷ್ಟು ಜನರನ್ನು ದಾಟಿ ಅವ್ವ ಹೇಗೆ ಮೊದಲು ತಲುಪಿದಳೋ! ಹಡಗಿನ ಉಪಗ್ರಹ ಫೋನಿನಿಂದ ವೀರೇಶ ಮಾತಾಡುತ್ತಿದ್ದ. ಎಲ್ಲರಿಗೂ ಒಂದೊಂದು ನಿಮಿಷ ಕೊಟ್ಟಿದ್ದಾರಂತೆ, ಎಲ್ಲರೂ ಯಾಕೆ ಅಳುತ್ತೀರಿ ಎಂದು ಅವನೇ ನಮ್ಮನ್ನು ಕೇಳುತ್ತಿದ್ದ. ನಡುಗಡಲಲ್ಲಿದ್ದಾರೆ. ಬೆಳಿಗ್ಗೆ ಆ ಅಲೆ ಹಾದುಹೋದ ಹೊತ್ತಿಗೆ ಅವನು ಕೂತು ಚಹಾ ಕುಡಿಯುತ್ತಿದ್ದನಂತೆ. ರೇಡಿಯೋದಲ್ಲಿ ಸುದ್ದಿ ಬರುವವರೆಗೆ ಯಾರಿಗೂ ಏನೂ ಗೊತ್ತಿಲ್ಲ.

ಅವ್ವ ಫೋನಿನ ಬಾಯಿ ಮುಚ್ಚಿ ನಮ್ಮ ಕಡೆ ತಿರುಗಿದಳು. "ಚಾ ಸೈತ ತುಳುಕಿಲ್ಲಂತ."

"ಚಾ ತುಳುಕಿಲ್ಲಂತ" ಎಂದು ಅತ್ತೆ ಪಡಸಾಲೆಗೆ ಹೇಳಿದಳು. ಪಡಸಾಲೆ ಬಾಗಿಲಿಗೆ, ಬಾಗಿಲು ಓಣಿಗೆ. ಓಣಿಯ ಕೊನೆಯ ಮನೆಯವರೆಗೂ ಆ ತುಳುಕದ ಚಹಾ ಹರಿದುಹೋಯಿತು. ಖಾಸಿಂಸಾಬ ಎರಡೂ ಕೈ ಮುಖಕ್ಕೆ ಒತ್ತಿಕೊಂಡು ಏನೋ ಹೇಳಿಕೊಂಡ, ಆಮೇಲೆ ಎಮ್ಮೆಗೆ ಹುಲ್ಲು ಹಾಕಿಲ್ಲವೆಂದು ನೆನಪಾಗಿ ಓಡಿದ.

ಕೊನೆಯ ನಾಲ್ಕು ಕ್ಷಣ ಮಾವನಿಗೆ ಸಿಕ್ಕಿತು. ಆಳ ಕೇಳಲಿಲ್ಲ, ಉಪ್ಪು ಕೇಳಲಿಲ್ಲ. "ಬಂದರ ಯಾವಾಗ ಬಿಟ್ರಿ?" ಎಂದಷ್ಟೇ ಕೇಳಿದ. ಉತ್ತರ ಕೇಳಿ ಫೋನಿಟ್ಟು, ಅಂಗಡಿಯ ಹೊರಗಿನ ಉಪ್ಪಿನ ಚೀಲದ ಮೇಲೆ ಕುಸಿದು ಕುಳಿತ. ನಾನು ನೀರು ಕೊಟ್ಟೆ. ಅರ್ಧ ಕುಡಿದು, ನನ್ನೊಬ್ಬಳಿಗೇ ಕೇಳುವ ದನಿಯಲ್ಲಿ ಹೇಳಿದ: "ಶುಕ್ರವಾರ ಫೋನ್ ಮಾಡಿದ್ದ. ಮದ್ರಾಸ್ ಕಡಿ ದಂಡಿಗೇ ಅದೀವಿ, ಅದಿರು ತುಂಬೂದು ಸೋಮಾರದ ತನಕ ಐತಿ ಅಂದಿದ್ದ. ನನಗೊಬ್ಬನಿಗೇ ಗೊತ್ತಿತ್ತವ್ವ."

ಅಂದರೆ ಬೆಳಗಿನಿಂದ ಸಂಜೆಯವರೆಗೆ ಆ ಲೋಟವನ್ನು ಕೌದಿಯ ನಡುವೆ ತೇಲಿಸುತ್ತಿದ್ದ ಮನುಷ್ಯನಿಗೆ, ಅದು ನಿಂತಿರುವುದು ಗೋಡೆಯ ಹತ್ತಿರ ಎಂದು ಗೊತ್ತಿತ್ತು! ಗೋಡೆಯ ಹತ್ತಿರ ಕೌದಿ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಸಾಸಿವೆಗೆ ಹೋದ ಹಾಳೆಯನ್ನು ಟೀವಿಯವರು ಬೆಳಗಿನಿಂದ ಓದಿ ತೋರಿಸುತ್ತಲೇ ಇದ್ದರಲ್ಲ. ಬಚಾವಾದದ್ದು ಹೇಗೆಂದರೆ, ನಮ್ಮ ಕಡೆಯ ಅದಿರು ಹೇಳಿದ್ದಕ್ಕಿಂತ ಮೊದಲೇ ಬಂದರು ಮುಟ್ಟಿ, ಹಡಗು ಬೇಗ ತುಂಬಿ, ಶನಿವಾರ ಬೆಳಿಗ್ಗೆಯೇ ಹೊರಟುಬಿಟ್ಟಿತ್ತು. ನಮ್ಮ ಸೀಮೆಯಿಂದ ಹೊರಟದ್ದೊಂದು ಹೊತ್ತಿಗೆ ಮುಂಚೆ ತಲುಪಿದ್ದು ಅದೊಂದೇ ಸಲವಿರಬೇಕು. ಆ ಲಾರಿಗಳ ಧೂಳಿಗೆ ನಾನು ಅಂದಿನಿಂದ ಬೈದಿಲ್ಲ.

ಮರುದಿನ ಬೆಳಿಗ್ಗೆ ಅವ್ವ ನಡುಗೋಡೆಯ ಮೇಲಿಂದ ಮಾವನನ್ನು ಕರೆದಳು. ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಊಟಕ್ಕೆ ಬರಬೇಕು. ಸಮುದ್ರದ ಮಾತಾಡಿದರೂ ನಡೆಯುತ್ತದೆ ಎಂದು ಸೇರಿಸಿದಳು.

ಅದು ಅಡುಗೆಯೋ ಹಬ್ಬವೋ! ಬಿಸಿ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ಸೋಮವಾರವಾದ್ದರಿಂದ ತನ್ನ ಸಪ್ಪೆ ಬೇಳೆಯನ್ನು ಸಣ್ಣ ಪಾತ್ರೆಯಲ್ಲಿ ಬೇರೆ ಇಟ್ಟುಕೊಂಡಿದ್ದಳು. ಮಾವನ ಗಂಗಾಳಕ್ಕೆ ಎಲ್ಲಕ್ಕಿಂತ ಮೊದಲು ಸಮುದ್ರದ ಮಾವಿನಕಾಯಿ ಬಡಿಸಿದಳು, ಒಂದಲ್ಲ, ಎರಡು ಹೋಳು.

ಮಾವ ರೊಟ್ಟಿ ಮುರಿದ, ಮೊಸರಿಗೆ ಅದ್ದಿ ತಿಂದ. ಮತ್ತೆ ರೊಟ್ಟಿ, ಮತ್ತೆ ಮೊಸರು. ಎಣ್ಣೆಗಾಯಿ ಮುಟ್ಟಲಿಲ್ಲ, ಪಲ್ಯ ಮುಟ್ಟಲಿಲ್ಲ. ಮಾವಿನಕಾಯಿ ಹೋಳನ್ನು ಗಂಗಾಳದ ಅಂಚಿಗೆ ಸರಿಸಿದ. ಮಾವ ಮಾವಿನಕಾಯಿ ಸರಿಸುವುದೆಂದರೇನು! ಅವ್ವನ ಮುಖ ಸಣ್ಣದಾಯಿತು.

"ಇನ್ನೂ ನನ್ನ ಮ್ಯಾಲೆ ಸಿಟ್ಟೈತೇನು?"

"ಸಿಟ್ಟಲ್ಲಕ್ಕಾ. ಬೀಪಿ ಐತಿ. ಉಪ್ಪು ಕಡಿಮಿ ಮಾಡಂದಾರ ಡಾಕ್ಟ್ರು."

ಅತ್ತೆ ತುತ್ತು ಹಿಡಿದ ಕೈಯನ್ನು ಕೆಳಗಿಟ್ಟಳು. "ಬೀಪಿನೂ ಇಲ್ಲ ಏನೂ ಇಲ್ಲರಿ ಅಕ್ಕಾರ. ಹುಡುಗ ಹಡಗು ಹತ್ತಿದಾಗಿಂದ ಇವರದೂ ಸೋಮಾರ ಸೋಮಾರ ಸಪ್ಪಿ ಊಟನ. ನಿಮಗ ಹೇಳಬ್ಯಾಡ ಅಂತ ನನ್ನ ಕಡಿಯಿಂದ ಆಣಿ ಹಾಕಿಸ್ಕೊಂಡಾರ."

ಮಾವ ತಲೆಯೆತ್ತಲಿಲ್ಲ. ಸಮುದ್ರದ ಉಪ್ಪಿಗೆ ಒಂದು ಚಿಟಿಕೆ ಯಾವ ಲೆಕ್ಕ ಎಂದು ಕೇಳಿದ್ದ ಮನುಷ್ಯ, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ರೊಟ್ಟಿಯ ಚೂರೊಂದನ್ನು ಇನ್ನೂ ಸಣ್ಣ ಚೂರು ಮಾಡುತ್ತಿದ್ದ.

ಅವ್ವ ಎದ್ದಳು. ಅವನ ಗಂಗಾಳವನ್ನು ತೆಗೆದು ಬೇರೆ ಇಟ್ಟಳು. ತನ್ನ ಸಣ್ಣ ಪಾತ್ರೆಯಿಂದ ಸಪ್ಪೆ ಬೇಳೆಯನ್ನು ಬೇರೆ ಎರಡು ಗಂಗಾಳಕ್ಕೆ ಸುರಿದು, ಅರ್ಧ ಅವನಿಗೆ, ಅರ್ಧ ತನಗೆ ಬಡಿಸಿ, ಅವನ ಎದುರಿಗೇ ಕುಳಿತಳು. ಕುಳಿತ ಮೇಲೆ ತುತ್ತು ಎತ್ತಲಾಗಲಿಲ್ಲ. ಕಣ್ಣು ತುಂಬಿ ಬಂತು.

"ಅಳಬ್ಯಾಡಕ್ಕಾ," ಅಂದ ಮಾವ. "ಗಂಗಾಳದಾಗ ಬಿದ್ದೀತು. ಕಣ್ಣೀರಾಗ ಉಪ್ಪಿರ್ತೈತಿ. ಹರಕಿ ಕೆಡ್ತೈತಿ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹತ್ತು ವರ್ಷದಲ್ಲಿ ಮೊದಲ ಸಲ ತಾನಾಗಿ ಅವನಿಗೆ ಉಪ್ಪಿನ ಪ್ರಶ್ನೆಯೊಂದನ್ನು ಕೇಳಿದಳು.

"ಕಣ್ಣೀರಾಗ ಲೀಟರಿಗೆ ಎಷ್ಟು ಗ್ರಾಂ?"

ಮಾವ ಬಾಯಿ ತೆರೆದ. ಉತ್ತರ ಅವನಿಗೆ ಗೊತ್ತಿತ್ತು. ಒಂಬತ್ತು, ಸಮುದ್ರದ ಕಾಲುಭಾಗ ಎಂದು ನನಗೆ ಹಿಂದೆ ಎಷ್ಟೋ ಸಲ ಹೇಳಿದ್ದ. ಆದರೆ ಈ ಸಲ ದೊಡ್ಡದೊಂದು ರೊಟ್ಟಿಯ ತುಂಡನ್ನು ಸಪ್ಪೆ ಬೇಳೆಗೆ ಅದ್ದಿ ಬಾಯಿಗಿಟ್ಟುಕೊಂಡು, ಅವ್ವನ ಕಡೆ ನೋಡದೆ, ಬಹಳ ಹೊತ್ತು ಅಗಿಯುತ್ತ ಕುಳಿತ.